ಮಗನ ವೀಸಾಕ್ಕೆ ಮಗಳ ಸಹಿ

ಕಳೆದ ತಿಂಗಳು ಬೆಳಗಾವಿ ಜಿಲ್ಲೆಯ ಒಂದು ಉಪನೋಂದಣಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕುಳಿತಿದ್ದೆ. ಬಂಧುಗಳೊಬ್ಬರು ಜಮೀನಿನ ಕಾಗದಕ್ಕೆ ಸಾಕ್ಷಿ ಹಾಕಲು ನನ್ನನ್ನು ಪುಣೆಯಿಂದ ಕರೆಸಿಕೊಂಡಿದ್ದರು. ಮನೆಯ ಇಬ್ಬರು ಹೆಣ್ಣುಮಕ್ಕಳೂ ಬಂದಿದ್ದರು, ಒಬ್ಬಾಕೆ ಸೊಲ್ಲಾಪುರದಿಂದ, ಇನ್ನೊಬ್ಬಾಕೆ ಮುಂಬಯಿಯಿಂದ. ಅವರ ತಮ್ಮ 14 ವರ್ಷಗಳಿಂದ ದುಬೈಯಲ್ಲಿದ್ದಾನೆ. ಅಲ್ಲಿಂದಲೇ ಅಮೆರಿಕದ ಹೂಡಿಕೆದಾರರ ವೀಸಾಕ್ಕೆ ಅರ್ಜಿ ಹಾಕುವ ಸಿದ್ಧತೆಯಲ್ಲಿದ್ದಾನೆ. ಹಣ ಹೊಂದಿಸಲು ಅಜ್ಜನ ಕಾಲದ ಕಬ್ಬಿನ ಹೊಲ ಮಾರಬೇಕು. ಮಾರುವ ಮುನ್ನ ಅಕ್ಕಂದಿರಿಂದ ಹಕ್ಕುಬಿಡುಗಡೆ ಪತ್ರ ಬರೆಸಿಕೊಳ್ಳಬೇಕು.

"ನಿಮಗೇನ್ ಕಡಿಮಿ ಐತ್ರೆವ್ವಾ? ತಮ್ಮಂದು ಅಮೆರಿಕದ ಕೆಲಸ ಆಗಲಿ, ಒಂದು ಸಹಿ ಹಾಕಿಬಿಡ್ರಿ" ಎಂದರು ಕಾಕಾ.

"ಕಾಕಾ, ಇದರಾಗ ಏನ್ ಬರದಾರ, ಒಮ್ಮೆ ಓದಿ ಹೇಳ್ರಿ" ಎಂದಳು ಹಿರಿಯಾಕೆ.

ಯಾರೂ ಓದಿ ಹೇಳಲಿಲ್ಲ. ಸರದಿ ಬಂದಿತು, ಹೆಸರು ಕೂಗಿದರು, ಹೆಬ್ಬೆರಳು ಯಂತ್ರದ ಮೇಲೆ ಬಿದ್ದಿತು. ಸಾಕ್ಷಿಯ ಜಾಗದಲ್ಲಿ ನಾನೂ ಸಹಿ ಹಾಕಿದೆ. ಈ ಲೇಖನ ಬರೆಯಲು ಆ ಸಹಿಯೇ ಕಾರಣ. ಅನ್ಯರ ಮೇಲೆ ತಪ್ಪು ಹೊರಿಸುವ ಮೊದಲು ನನ್ನ ಪಾಲಿನ ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತೇನೆ.

ವಿದೇಶಕ್ಕೆ ಹೋಗುವುದರ ವಿರುದ್ಧ ನನ್ನ ವಾದವಲ್ಲ. ಈ ಪುಟಗಳನ್ನು ಓದುವ ನಾವೆಲ್ಲರೂ ಊರು ಬಿಟ್ಟವರೇ. ನಮ್ಮ ತಂದೆ ತಾತಂದಿರು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿಗೆ ಬಂದು ಅಂಗಡಿ ಇಟ್ಟವರು, ಕಚೇರಿಗಳಲ್ಲಿ ದುಡಿದವರು. ಮಗ ಇನ್ನೂ ದೂರ ಹೋದನೆಂದು ದೂರುವ ಹಕ್ಕು ನಮಗಿಲ್ಲ. ನನ್ನ ವಾದ ಇಷ್ಟೇ: ಹೂಡಿಕೆದಾರರ ವೀಸಾ ಎಂಬುದು ಒಬ್ಬನ ಹೆಸರಿನಲ್ಲಿ ಬರುತ್ತದೆ, ಆದರೆ ನಮ್ಮ ಮನೆಗಳಲ್ಲಿ ಅದರ ಬೆಲೆಯನ್ನು ಇಡೀ ಕುಟುಂಬ ತೆರುತ್ತದೆ, ಅದರಲ್ಲಿಯೂ ಹೆಚ್ಚಿನ ಪಾಲನ್ನು ಯಾರ ಮಾತನ್ನೂ ಕೇಳದೆ ಹೆಣ್ಣುಮಕ್ಕಳಿಂದ ವಸೂಲು ಮಾಡಲಾಗುತ್ತದೆ. ಇದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು.

ಮೊದಲು ವಿಷಯವನ್ನು ಸ್ಪಷ್ಟ ಮಾಡಿಕೊಳ್ಳೋಣ. ಅಮೆರಿಕದಲ್ಲಿ ಇಬಿ-5 ಎಂದು ಕರೆಯುವ ಈ ವರ್ಗ 1990ರ ವಲಸೆ ಕಾನೂನಿನಿಂದ ಹುಟ್ಟಿದ್ದು. 2022ರ ಮಾರ್ಚ್ ತಿಂಗಳ ತಿದ್ದುಪಡಿಯ ಬಳಿಕ ಕನಿಷ್ಠ ಹೂಡಿಕೆ 10,50,000 ಡಾಲರು. ಗ್ರಾಮೀಣ ಪ್ರದೇಶದಲ್ಲಿ ಅಥವಾ ನಿರುದ್ಯೋಗ ಹೆಚ್ಚಿರುವ ಪ್ರದೇಶದಲ್ಲಿ ಹೂಡಿದರೆ 8,00,000 ಡಾಲರು. ಡಾಲರಿಗೆ 85 ರೂಪಾಯಿಯಂತೆ ಲೆಕ್ಕ ಹಾಕಿದರೂ ಈ ಕಡಿಮೆ ಮೊತ್ತವೇ 6 ಕೋಟಿ 80 ಲಕ್ಷ ರೂಪಾಯಿ. ಯೋಜನೆಯವರ ಆಡಳಿತ ಶುಲ್ಕ, ವಕೀಲರ ಶುಲ್ಕ, ಸರ್ಕಾರದ ಶುಲ್ಕ ಇದರಲ್ಲಿ ಸೇರಿಲ್ಲ. ಹೂಡಿಕೆಯಿಂದ 10 ಜನರಿಗೆ ಪೂರ್ಣಾವಧಿಯ ಉದ್ಯೋಗ ಸೃಷ್ಟಿಯಾಗಬೇಕು. ಮೊದಲು ಸಿಗುವುದು 2 ವರ್ಷಗಳ ಷರತ್ತುಬದ್ಧ ನಿವಾಸ. ಷರತ್ತು ಪೂರೈಸಿತೆಂದು ಮತ್ತೊಂದು ಅರ್ಜಿಯಲ್ಲಿ ಸಾಧಿಸಿದ ಮೇಲಷ್ಟೇ ಅದು ಖಾಯಂ ಆಗುತ್ತದೆ.

ದುಬೈಯಲ್ಲಿರುವ ಆ ತಮ್ಮನ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಕೊಲ್ಲಿಯಲ್ಲಿ 14 ವರ್ಷವಲ್ಲ, 40 ವರ್ಷ ದುಡಿದರೂ ಅವನು ಅಲ್ಲಿಯ ಪ್ರಜೆಯಾಗುವುದಿಲ್ಲ. ಕೆಲಸಕ್ಕೆ ಕಟ್ಟಿದ ವೀಸಾ ಕೆಲಸದೊಡನೆ ಹೋಗುತ್ತದೆ. 20 ಲಕ್ಷ ದಿರ್ಹಾಮಿನ ಆಸ್ತಿಯ ಮೇಲೆ ದೊರೆಯುವ 10 ವರ್ಷದ ಗೋಲ್ಡನ್ ವೀಸಾ ಕೂಡ ವಾಸದ ಅನುಮತಿಯೇ ಹೊರತು ಪೌರತ್ವದ ಮೆಟ್ಟಿಲಲ್ಲ. ಅಮೆರಿಕದಲ್ಲೇ ಎಚ್-1ಬಿ ಮೇಲೆ ಇರುವವನ ಪಾಡು ಇನ್ನೂ ಕಠಿಣ. ಕೆಲಸ ಹೋದರೆ ಹೊಸ ದಾರಿ ಹುಡುಕಲು ಅವನಿಗಿರುವುದು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಕಾಯುತ್ತಿರುವಾಗಲೇ ಮಗಳಿಗೆ 21 ತುಂಬಿ ಅವಳು ತಂದೆಯ ಅರ್ಜಿಯಿಂದ ಹೊರಬೀಳುವ ಭಯ. ಅಂಥವನು ಕಾನೂನುಬದ್ಧ ಸ್ಥಿತಿಯಲ್ಲಿದ್ದು, ತನ್ನ ವರ್ಗದಲ್ಲಿ ವೀಸಾ ಲಭ್ಯವಿದ್ದರೆ, ಹೂಡಿಕೆಯ ಅರ್ಜಿಯೊಡನೆಯೇ ನಿವಾಸದ ಅರ್ಜಿಯನ್ನೂ ಹಾಕಿ, ಕೆಲಸ ಮಾಡುವ ಮತ್ತು ಪ್ರಯಾಣ ಮಾಡುವ ಪರವಾನಗಿಯನ್ನು ಕೇಳಬಹುದು. ಈ ಆಸೆಯನ್ನು ದುರಾಸೆ ಎಂದು ಕರೆಯಲಾರೆ.

ಆದರೆ ಹೊರನಾಡಿನಲ್ಲಿರುವವನು ಒಂದು ಮಾತು ತಿಳಿದಿರಬೇಕು. ಅಮೆರಿಕದ ಕಾನೂನು ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಹಾಕುವಾಗ ನೋಡುವುದು ನೀವು ಈಗ ಎಲ್ಲಿದ್ದೀರಿ ಎಂಬುದನ್ನಲ್ಲ, ಯಾವ ಪಾಸ್‌ಪೋರ್ಟ್ ಹಿಡಿದಿದ್ದೀರಿ ಎಂಬುದನ್ನೂ ಅಲ್ಲ. ನೀವು ಹುಟ್ಟಿದ ನೆಲವನ್ನು. ಚಿಕ್ಕೋಡಿಯಲ್ಲಿ ಹುಟ್ಟಿದವನು ದುಬೈಯಿಂದ ಅರ್ಜಿ ಹಾಕಿದರೂ ನಿಲ್ಲಬೇಕಾದದ್ದು ಭಾರತದ ಸಾಲಿನಲ್ಲೇ. ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವಳ ಸಾಲಿನ ಲಾಭ ಗಂಡನಿಗೆ ಸಿಗಬಹುದು. ಮಗು ದುಬೈಯಲ್ಲಿ ಹುಟ್ಟಿತೆಂದು ತಂದೆಗೆ ಆ ಲಾಭ ಸಿಗದು. ಅಬುಧಾಬಿಯ ರಾಯಭಾರ ಕಚೇರಿಯಲ್ಲಿ ಸಂದರ್ಶನ ನಡೆಯಬಹುದು, ಆದರೆ ಸರದಿ ಮಾತ್ರ ಹುಟ್ಟೂರಿನದು. ಜೊತೆಗೆ ತಾನು ಬಾಳಿದ ದೇಶಗಳ ಪೊಲೀಸರಿಂದ ನಡತೆಯ ಪ್ರಮಾಣಪತ್ರಗಳನ್ನು ತರಬೇಕು. "ದುಬೈಯಿಂದ ಹಾಕಿದರೆ ಬೇಗ ಆಗುತ್ತದೆ" ಎನ್ನುವ ದಲ್ಲಾಳಿ ಒಂದೋ ಅರಿಯದವನು, ಇಲ್ಲವೇ ಅರಿತು ಸುಳ್ಳಾಡುವವನು.

ದಲ್ಲಾಳಿಯ ಮಾತು ಬಂತಲ್ಲ, ಅದನ್ನೂ ಆಡಿಬಿಡೋಣ. ಹೋಟೆಲಿನ ಸಭಾಂಗಣದಲ್ಲಿ ಉಪಾಹಾರ ಕೊಟ್ಟು ನಡೆಸುವ ಇಂಥ ಸಭೆಗಳಲ್ಲಿ ಕೇಳಿಬರುವ ಮುಖ್ಯವಾದ ಮಾತು, "ನಿಮ್ಮ ಹಣಕ್ಕೆ ಖಾತರಿ ಇದೆ." ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧ. ಹೂಡಿದ ಹಣ ನಷ್ಟದ ಸಂಭವಕ್ಕೆ ಒಡ್ಡಿಕೊಂಡಿರಲೇಬೇಕು. ಮರಳಿಕೊಡುವ ಖಾತರಿ ಇದ್ದರೆ ಅದು ಹೂಡಿಕೆ ಎನಿಸುವುದೇ ಇಲ್ಲ. ಅಂದರೆ ಖಾತರಿಯ ಮಾತು ಸುಳ್ಳಾಗಿದ್ದರೆ ಹಣ ಹೋಗಬಹುದು, ನಿಜವಾಗಿದ್ದರೆ ಅರ್ಜಿ ಹೋಗಬಹುದು. ವರ್ಮಾಂಟ್ ರಾಜ್ಯದ ಜೇ ಪೀಕ್ ಸ್ಕೀ ವಿಹಾರಧಾಮದ ಹೆಸರಿನಲ್ಲಿ ಅನೇಕ ದೇಶಗಳ ಹೂಡಿಕೆದಾರರಿಂದ 35 ಕೋಟಿ ಡಾಲರಿಗೂ ಹೆಚ್ಚು ಹಣ ಸಂಗ್ರಹವಾಗಿತ್ತು. ಅದರಲ್ಲಿ 20 ಕೋಟಿ ಡಾಲರಿಗೂ ಹೆಚ್ಚು ಹಣ ದುರುಪಯೋಗವಾಗಿದೆಯೆಂದು 2016ರ ಏಪ್ರಿಲ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿ ಹಣ ಹಾಕಿದವರೂ ಓದುಬರಹ ಬಲ್ಲವರೇ, ವಕೀಲರನ್ನಿಟ್ಟುಕೊಂಡವರೇ.

ಎರಡನೆಯ ಅಸ್ತ್ರ ಗಡುವು. 2026ರ ಸೆಪ್ಟೆಂಬರ್ 30ರೊಳಗೆ ಸಲ್ಲಿಸಿದ ಅರ್ಜಿಗಳಿಗೆ, ಮುಂದೆ ಪ್ರಾದೇಶಿಕ ಕೇಂದ್ರಗಳ ಯೋಜನೆ ಮುಂದುವರಿಯದಿದ್ದರೂ, 2022ರ ಕಾನೂನು ರಕ್ಷಣೆ ಕೊಟ್ಟಿರುವುದು ನಿಜ. ಆದರೆ ಆ ರಕ್ಷಣೆ ಅರ್ಜಿಯ ಪರಿಶೀಲನೆಗೆ ಮಾತ್ರ. ಕೆಟ್ಟ ಯೋಜನೆಯನ್ನು ಅದು ಒಳ್ಳೆಯದು ಮಾಡದು, ಕಾಣೆಯಾದ ಕಾಗದವನ್ನು ಹುಟ್ಟಿಸದು. ಮೂರು ತಲೆಮಾರು ಉತ್ತ ಹೊಲವನ್ನು ಮೂರು ವಾರದಲ್ಲಿ ಮಾರಿಸುವಷ್ಟು ತುರ್ತು ಯಾವ ಗಡುವಿಗೂ ಇಲ್ಲ.

ಇನ್ನು ಹಣದ ಹಾದಿ. ನಮ್ಮ ಸಮಾಜ ನಿಜವಾಗಿ ಎಡವುವುದು ಇಲ್ಲಿಯೇ. ಹಣ ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿಂದ ಬಂತು ಎಂಬುದನ್ನು ಅಮೆರಿಕದ ಅಧಿಕಾರಿ ಹೆಚ್ಚು ಕೇಳುತ್ತಾನೆ. 7 ವರ್ಷಗಳ ತೆರಿಗೆ ದಾಖಲೆಗಳು ಬೇಕು. ತಂದೆ ದಾನವಾಗಿ ಕೊಟ್ಟ ಹಣವಾದರೆ ತಂದೆಯ ಹಣದ ಮೂಲವೂ ಸಿದ್ಧವಾಗಬೇಕು. ಹೊಲ ಮಾರಿದ ಹಣವಾದರೆ ಆ ಹೊಲ ಯಾರದು, ಹೇಗೆ ಬಂತು, ಯಾರು ಯಾರಿಗೆ ಪಾಲಿತ್ತು, ಖರೀದಿ ಪತ್ರದಲ್ಲಿ ಬರೆದ ಬೆಲೆ ಎಷ್ಟು, ಅದು ಬ್ಯಾಂಕಿನ ಮೂಲಕ ಬಂದಿತೇ, ಎಲ್ಲವೂ ಬೇಕು.

ನಮ್ಮ ಊರುಗಳಲ್ಲಿ ಮಾರ್ಗಸೂಚಿ ದರದಷ್ಟು ಪತ್ರದಲ್ಲಿ ಬರೆದು ಉಳಿದದ್ದನ್ನು ಚೀಲದಲ್ಲಿ ಎಣಿಸಿಕೊಳ್ಳುವ ರೂಢಿ ಯಾರಿಗೆ ತಿಳಿಯದು? ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಆ ಚೀಲದ ಹಣ ವೀಸಾದ ಅರ್ಜಿಯಲ್ಲಿ ಕಾಲು ಇಡಲಾರದು. ಅದನ್ನು ಹವಾಲಾ ದಾರಿಯಲ್ಲಿ ದುಬೈಗೆ ಮುಟ್ಟಿಸಿ ಉಳಿತಾಯದ ಹಣವೆಂದು ತೋರಿಸುವವರಿದ್ದಾರೆ. ಅದು ಎರಡು ದೇಶಗಳ ಕಾನೂನಿಗೆ ದ್ರೋಹ. ನಮ್ಮ ಹಿರಿಯರು ಇದಕ್ಕೆ ಹೆಸರನ್ನೇ ಇಟ್ಟಿದ್ದಾರೆ. ಅಚೌರ್ಯ ವ್ರತದ ಐದು ಅತಿಚಾರಗಳಲ್ಲಿ ಒಂದು ವಿರುದ್ಧರಾಜ್ಯಾತಿಕ್ರಮ, ಅಂದರೆ ರಾಜ್ಯದ ಕಟ್ಟಳೆ ಮೀರಿ ನಡೆಸುವ ವ್ಯವಹಾರ. ಬಸದಿಯಲ್ಲಿ ಕುಳಿತು ಈ ಪಟ್ಟಿಯನ್ನು ಕೇಳಿ, ಹೊರಗೆ ಬಂದು ಹವಾಲಾದವನಿಗೆ ಫೋನು ಮಾಡುವವರಿಗೆ ನಾನು ಬೇರೆ ಉಪದೇಶ ಮಾಡಬೇಕಾಗಿಲ್ಲ.

ನೇರ ದಾರಿ ಇಲ್ಲವೆಂದಲ್ಲ. ಭಾರತದಲ್ಲಿ ವಾಸಿಸುವ ಒಬ್ಬ ವ್ಯಕ್ತಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಆರ್ಥಿಕ ವರ್ಷವೊಂದಕ್ಕೆ 2,50,000 ಡಾಲರು ಕಳುಹಿಸಬಹುದು. ಹೊರದೇಶದಲ್ಲಿ ನೆಲೆಸಿದ ಭಾರತೀಯ ತನ್ನ ಎನ್‌ಆರ್‌ಒ ಖಾತೆಯಿಂದ, ತೆರಿಗೆ ಕಟ್ಟಿದ ದಾಖಲೆ ತೋರಿಸಿ, ವರ್ಷಕ್ಕೆ 10 ಲಕ್ಷ ಡಾಲರಿನವರೆಗೆ ಒಯ್ಯಬಹುದು. ಆದರೆ ಮೊದಲ ದಾರಿಯಲ್ಲಿ ಇಡೀ 8,00,000 ಡಾಲರನ್ನು ಒಂದೇ ವರ್ಷ ಕಳುಹಿಸಲು ಮನೆಯ ನಾಲ್ವರ ಹೆಸರು ಬೇಕು. ಜೊತೆಗೆ 2025ರ ಏಪ್ರಿಲ್ 1ರಿಂದ ಇಂಥ ರವಾನೆಯಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಮುಂಗಡವಾಗಿ ಶೇಕಡಾ 20ರಷ್ಟು ತೆರಿಗೆ ವಸೂಲು ಮಾಡುತ್ತದೆ. ಅದು ಮುಂದೆ ತೆರಿಗೆ ಲೆಕ್ಕದಲ್ಲಿ ಹೊಂದಿಕೆಯಾಗುತ್ತದೆ ಅಥವಾ ಮರಳುತ್ತದೆ, ನಿಜ; ಆದರೆ ಅಲ್ಲಿಯವರೆಗೆ ಒಂದು ಕೋಟಿಗೂ ಮೀರಿದ ಮೊತ್ತ ಸಿಕ್ಕಿಬಿದ್ದಿರುತ್ತದೆ. ಆ ನಾಲ್ವರಲ್ಲಿ ಒಬ್ಬರು ಸಾಮಾನ್ಯವಾಗಿ ತಾಯಿ. ತನ್ನ ಪ್ಯಾನ್ ಕಾರ್ಡಿನ ಮೇಲೆ ಏನು ಹೋಯಿತೆಂದು ಆಕೆಗೆ ತಿಳಿಸಿದವರು ಯಾರು?

ಈಗ ಹೆಣ್ಣುಮಕ್ಕಳ ಸಹಿಯ ಮಾತು. ಹಿಂದೂ ಉತ್ತರಾಧಿಕಾರ ಕಾನೂನು ಜೈನರಿಗೂ ಅನ್ವಯಿಸುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಪಾಲು ಎಂಬುದನ್ನು ಕರ್ನಾಟಕ 1994ರಲ್ಲೇ, ಆಗ ಅವಿವಾಹಿತರಾಗಿದ್ದವರ ಮಟ್ಟಿಗಾದರೂ, ಒಪ್ಪಿಕೊಂಡಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಅದೇ ನಿಯಮವಾಯಿತು, ಮದುವೆಯಾದವರಿಗೂ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಉಳಿದ ಸಂಶಯವನ್ನೂ ಪರಿಹರಿಸಿತು: ಈ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿಬಂಧನೆ ಇಲ್ಲ. ತಂದೆ ಸ್ವಂತ ದುಡಿಮೆಯಿಂದ ಗಳಿಸಿದ್ದನ್ನು ತನ್ನ ಇಷ್ಟದಂತೆ ಕೊಡಬಹುದು. ಅಜ್ಜನ ಹೊಲ ಹಾಗಲ್ಲ.

ಸಹಿ ಹಾಕಿಸಿಕೊಳ್ಳುವವರು ಹೇಳುವ ಸಮಾಧಾನಗಳು ಎರಡು. "ಅವಳ ಮದುವೆಗೆ ಬೇಕಾದಷ್ಟು ಖರ್ಚು ಮಾಡಿದ್ದೇವೆ" ಎಂಬುದು ಮೊದಲನೆಯದು. ಮದುವೆಯ ಊಟ ಉಂಡವರು ಊರಿನವರು. ಅದರ ಬಿಲ್ಲನ್ನು ಅವಳ ಪಾಲಿನಿಂದ ಕಳೆಯುವುದು ಯಾವ ಲೆಕ್ಕ? ವರನ ಕಡೆಗೆ ಕೊಟ್ಟದ್ದನ್ನು ಲೆಕ್ಕಕ್ಕೆ ತರುವುದಾದರೆ, 1961ರಿಂದ ಅಪರಾಧವಾಗಿರುವ ವರದಕ್ಷಿಣೆಯನ್ನು ತಾವೇ ಒಪ್ಪಿಕೊಂಡಂತೆ. "ಅವಳು ಸಂತೋಷದಿಂದಲೇ ಬಿಟ್ಟುಕೊಟ್ಟಳು" ಎಂಬುದು ಎರಡನೆಯದು. ಇರಬಹುದು. ಅಂಥ ಅಕ್ಕಂದಿರನ್ನು ನಾನು ಬಲ್ಲೆ, ಅವರ ದೊಡ್ಡತನಕ್ಕೆ ತಲೆಬಾಗುತ್ತೇನೆ. ಆದರೆ ಬೆಲೆ ತಿಳಿಸದೆ, ಪತ್ರ ಓದಿ ಹೇಳದೆ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಲ್ಲಿ ಹಾಕಿಸಿದ ಸಹಿಗೆ ಸಂತೋಷದ ಹೆಸರು ಸಲ್ಲದು. ಅನುಚಿತ ಪ್ರಭಾವದಿಂದ ಪಡೆದ ಒಪ್ಪಿಗೆಯನ್ನು ರದ್ದುಪಡಿಸುವಂತೆ ಕೇಳಲು 1872ರ ಕರಾರು ಕಾನೂನೇ ಅವಕಾಶ ಕೊಟ್ಟಿದೆ. ಹಣದ ಮೂಲವೆಂದು ತೋರಿಸಿದ ಹೊಲದ ಮೇಲೆ ನಾಳೆ ದಾವೆ ಬಿದ್ದರೆ ತೊಂದರೆಗೆ ಸಿಲುಕುವವನು ಅದೇ ತಮ್ಮ.

ಮತ್ತೊಂದು ಮಾತನ್ನು ನೆನಪಿಸಲೇಬೇಕು. ತುಳುನಾಡಿನ ಅನೇಕ ಜೈನ ಮನೆತನಗಳು ತಲೆಮಾರುಗಳ ಕಾಲ ಅಳಿಯಸಂತಾನ ಕಟ್ಟಿನಲ್ಲಿ ಬಾಳಿದವು; ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿಯುತ್ತಿತ್ತು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟ ಆ ಪರಂಪರೆಯವಳು. ಅವಳ ಹೆಸರನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮರುದಿನ ಮಗಳನ್ನು ನೋಂದಣಿ ಕಚೇರಿಗೆ ಕರೆದೊಯ್ಯುತ್ತೇವೆ.

ಸರ್ಕಾರಗಳಿಗೂ ಎರಡು ಮಾತು ಹೇಳದೆ ಈ ಪ್ರಸ್ತಾಪ ಪೂರ್ಣವಾಗದು. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಒಂದೇ ದಿನ ಎರಡು ಕಾಗದಗಳಿಗೆ ಸಹಿ ಹಾಕಿದರು. ಒಂದರಿಂದ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1,00,000 ಡಾಲರಿನ ಹೊರೆ. ಇನ್ನೊಂದರಿಂದ 10 ಲಕ್ಷ ಡಾಲರು ಕಾಣಿಕೆ ಕೊಟ್ಟವರಿಗೆ ಗೋಲ್ಡ್ ಕಾರ್ಡ್. ದುಡಿಯಲು ಬರುವವನಿಗೆ ಸುಂಕ, ಹಣ ತರುವವನಿಗೆ ಸ್ವಾಗತ. ಹಣಕ್ಕೆ ತೆರೆದ ಬಾಗಿಲು ತೆರೆದೇ ಇರುತ್ತದೆಂಬ ಭರವಸೆಯೂ ಇಲ್ಲ. ಕೆನಡಾ ತನ್ನ ಕೇಂದ್ರ ಹೂಡಿಕೆದಾರ ಯೋಜನೆಯನ್ನು 2014ರಲ್ಲಿ ಮುಗಿಸಿತು, ಬ್ರಿಟನ್ 2022ರ ಫೆಬ್ರವರಿಯಲ್ಲಿ, ಐರ್ಲೆಂಡ್ 2023ರಲ್ಲಿ, ಸ್ಪೇನ್ 2025ರ ಏಪ್ರಿಲ್‌ನಲ್ಲಿ. ಪೋರ್ಚುಗಲ್ 2023ರಲ್ಲಿ ಮನೆ ಕೊಳ್ಳುವ ದಾರಿಯನ್ನು ಮುಚ್ಚಿತು. ಮಾಲ್ಟಾ ಪೌರತ್ವವನ್ನು ಮಾರುವುದು ಕಾನೂನುಬಾಹಿರವೆಂದು ಯುರೋಪಿನ ನ್ಯಾಯಾಲಯ 2025ರ ಏಪ್ರಿಲ್ 29ರಂದು ತೀರ್ಪಿತ್ತಿತು. ಮಾರುಕಟ್ಟೆಯಲ್ಲಿ ಕೊಂಡ ವಾಸಕ್ಕೆ ಮಾರುಕಟ್ಟೆಯ ಆಯುಷ್ಯವೇ.

ನಮ್ಮ ಸರ್ಕಾರದ ಮೌನವೂ ಕಡಿಮೆಯದಲ್ಲ. 2022ರಿಂದ 2024ರವರೆಗೆ ಪ್ರತಿ ವರ್ಷ 2 ಲಕ್ಷಕ್ಕೂ ಹೆಚ್ಚು ಭಾರತೀಯರು ಪೌರತ್ವ ತ್ಯಜಿಸಿದ್ದಾರೆಂದು ಸಂಸತ್ತಿನಲ್ಲಿ ಸರ್ಕಾರವೇ ಹೇಳಿದೆ. ಹೊರಹೋಗುವ ಹಣದ ಮೇಲೆ ಶೇಕಡಾ 20 ಹಿಡಿಯಲು ಬಲ್ಲ ಸರ್ಕಾರಕ್ಕೆ, ಹೋಟೆಲು ಹೋಟೆಲುಗಳಲ್ಲಿ ವೀಸಾದ ಹೆಸರಿನಲ್ಲಿ ವಿದೇಶಿ ಯೋಜನೆಗಳನ್ನು ಮಾರುವ ದಲ್ಲಾಳಿಯ ಕಮಿಷನ್ನು ಎಷ್ಟೆಂದು ಬಹಿರಂಗಪಡಿಸಲು ಕಟ್ಟುನಿಟ್ಟಿನ ನಿಯಮ ಮಾಡಲು ಏನು ಅಡ್ಡಿ?

ಆದರೆ ಸರ್ಕಾರಗಳು ಬದಲಾಗುವವರೆಗೆ ಕಾಯಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ನಾವೇ ಮಾಡಿಕೊಳ್ಳಬಹುದಾದ ಕಟ್ಟಳೆಗಳಿವೆ.

ಮೊದಲನೆಯದು, ವೀಸಾಕ್ಕಾಗಿ ಕುಟುಂಬದ ಆಸ್ತಿಯನ್ನು ಮಾರುವ ಮೊದಲು ವಾಟ್ನಿ ಆಗಲಿ. ಪ್ರತಿಯೊಬ್ಬರ ಪಾಲು ಅವರವರ ಹೆಸರಿಗೆ, ಮಾರಿದ ಹಣ ಅವರವರ ಖಾತೆಗೆ ಬರಲಿ. ಅನಂತರ ಅಕ್ಕ ತಮ್ಮನಿಗೆ ಕೊಡಲು ಇಚ್ಛಿಸಿದರೆ ದಾನಪತ್ರವನ್ನೋ ಸಾಲದ ಪತ್ರವನ್ನೋ ಬರೆದು ಕೊಡಲಿ. ವೀಸಾದ ಅಧಿಕಾರಿಗೂ ಈ ಕಾಗದವೇ ಹೆಚ್ಚು ಸ್ಪಷ್ಟ. ಎರಡನೆಯದು, ಯಾವ ಹೆಣ್ಣುಮಗಳೂ ತಾನೇ ಆಯ್ದುಕೊಂಡ ವಕೀಲರು ಪತ್ರವನ್ನು ಓದಿ ವಿವರಿಸದೆ ಸಹಿ ಹಾಕದಿರಲಿ. ಮೂರನೆಯದು, ಕುಟುಂಬದ ಹಣದಿಂದ ವೀಸಾ ಪಡೆಯುವವನು ಯೋಜನೆಯ ಕಾಗದ, ದಲ್ಲಾಳಿಯ ಕಮಿಷನ್ನು, ಹಣ ಮುಳುಗಿದರೆ ಮುಂದೇನೆಂಬ ಉತ್ತರ, ಇವನ್ನು ಮನೆಯ ಎಲ್ಲರ ಮುಂದೆ ಇಡಲಿ. ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಜಗತ್ತಿನ ಎಲ್ಲ ಆದಾಯವನ್ನೂ ಅಮೆರಿಕಕ್ಕೆ ತೋರಿಸಬೇಕು, ಊರಿನ ಬಾಡಿಗೆಯನ್ನೂ ಸೇರಿಸಿ, ಎಂಬುದು ದುಬೈಯಲ್ಲಿ ಆದಾಯ ತೆರಿಗೆ ಕಟ್ಟದೆ ರೂಢಿಯಾದವನಿಗೆ ಮೊದಲೇ ತಿಳಿದಿರಲಿ. ನಾಲ್ಕನೆಯದು, ತಂದೆತಾಯಿ ವಾಸಿಸುವ ಮನೆಯನ್ನೂ ಅವರ ಚಿಕಿತ್ಸೆಗಿಟ್ಟ ಠೇವಣಿಯನ್ನೂ ಈ ವ್ಯವಹಾರಕ್ಕೆ ಮುಟ್ಟದಿರಲಿ. ಐದನೆಯದು ನಮ್ಮ ಸಂಘಗಳಿಗೆ: ಸಮಾಜದ ಸಭಾಭವನವನ್ನು ವೀಸಾ ದಲ್ಲಾಳಿಗಳ ಪ್ರಚಾರಕ್ಕೆ ಕೊಡುವುದು ನಿಲ್ಲಲಿ, ಕೊಡಲೇಬೇಕಾದರೆ ಅದೇ ದಿನ, ಅದೇ ವೇದಿಕೆಯಲ್ಲಿ, ಹೆಣ್ಣುಮಕ್ಕಳ ಆಸ್ತಿ ಹಕ್ಕನ್ನು ಕುರಿತು ಒಬ್ಬ ವಕೀಲೆ ಮಾತನಾಡಲಿ.

ಇದರಿಂದ ಕೆಲವು ಅರ್ಜಿಗಳು ತಡವಾಗಬಹುದು, ಕೆಲವು ನಿಂತೂ ಹೋಗಬಹುದು. ಅಕ್ಕಂದಿರಿಗೆ ಲೆಕ್ಕ ಒಪ್ಪಿಸಲಾಗದ ಅರ್ಜಿ ನಿಂತುಹೋದರೆ ನಷ್ಟವೇನಿಲ್ಲ. ನ್ಯಾಯವಾಗಿ ಗಳಿಸಿ, ಪಾಲುದಾರರ ಮನಸ್ಸು ಪಡೆದು, ಅಪಾಯ ತಿಳಿದು ಹೊರಡುವವನಿಗೆ ನಾವೆಲ್ಲರೂ ಸೇರಿ ಶುಭ ಹಾರೈಸೋಣ.

ಅಂದು ಕಚೇರಿಯಿಂದ ಹೊರಬಂದ ಮೇಲೆ ಹಿರಿಯಾಕೆ ನನ್ನನ್ನು ಕೇಳಿದಳು: "ಅಣ್ಣಾ, ನೀವರೆ ಓದಿದ್ರಿ ಏನು ಅದನ್ನ?" ನಾನು ಓದಿರಲಿಲ್ಲ. ಮುಂದೆ ಯಾರೇ ಕರೆದರೂ, ಸಹಿ ಹಾಕುವ ಹೆಣ್ಣುಮಗಳಿಗೆ ಗಟ್ಟಿಯಾಗಿ ಓದಿ ಹೇಳದ ಪತ್ರಕ್ಕೆ ನಾನು ಸಾಕ್ಷಿಯಾಗುವುದಿಲ್ಲ. ಈ ಪುಟದ ಓದುಗರೂ ಇಷ್ಟನ್ನು ಇಂದೇ ನಿಶ್ಚಯಿಸಬೇಕೆಂದು ಕೇಳಿಕೊಳ್ಳುತ್ತೇನೆ.